ಮನೆಯ ಕಸ, ಮನದ ಕಸಿವಿಸಿ

ಪ್ರಶ್ನೆ: ನನಗೆ 37 ವರ್ಷ. ಬೆಂಗಳೂರಿನ ವಿಜಯನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ನಾನು, ನಮ್ಮ ಯಜಮಾನರು, ಒಂಬತ್ತು ವರ್ಷದ ಮಗಳು ಮತ್ತು ಅತ್ತೆ ಇದ್ದೇವೆ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಹೋದ ವರ್ಷ ಆಫೀಸಿನವರು ನಮ್ಮನ್ನೆಲ್ಲ ಊರಾಚೆಯ ಒಂದು ಕಸದ ಗುಡ್ಡದ ಹತ್ತಿರ ಕರೆದುಕೊಂಡು ಹೋಗಿದ್ದರು. ಅಲ್ಲಿನ ವಾಸನೆ, ಪಕ್ಕದ ಹಳ್ಳಿಯವರ ಪಾಡು ನೋಡಿ ಬಂದಾಗಿನಿಂದ ನಮ್ಮ ಅಡುಗೆಮನೆಯ ಬುಟ್ಟಿ ತುಂಬಿದರೆ ಸಾಕು, ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಮ್ಮ ಮನೆಯಿಂದ ಕಸವೇ ಹೊರಗೆ ಹೋಗಬಾರದು ಎಂದು ಹಟ ಹಿಡಿದೆ. ಸ್ಟೀಲ್ ಡಬ್ಬಿ, ಗಾಜಿನ ಜಾಡಿ, ಬಿದಿರಿನ ಬ್ರಷ್, ಬಟ್ಟೆ ಚೀಲ ಎಲ್ಲ ಹೊಸದಾಗಿ ತರಿಸಿದೆ. ಬಾಲ್ಕನಿಯಲ್ಲಿ ಗೊಬ್ಬರದ ಡಬ್ಬ ಇಟ್ಟೆ. ಮೂರನೇ ವಾರಕ್ಕೆ ಹುಳ ಬಂತು, ವಾಸನೆ ಬಂತು, ಕೆಳಗಿನಿಂದ ಓನರ್ ಆಂಟಿಯೂ ಬಂದರು. ಹಿತ್ತಿಲಲ್ಲಿ ಇರಬೇಕಾದ ತಿಪ್ಪೆಯನ್ನು ತುಳಸಿ ಪಕ್ಕಕ್ಕೆ ತಂದಿಟ್ಟಿದ್ದೀಯ ಎಂದು ಅತ್ತೆ ಎರಡು ದಿನ ಮಾತಾಡಲಿಲ್ಲ. ನೆಲ, ಪಾತ್ರೆ ತೊಳೆಯಲೆಂದು ಹಣ್ಣಿನ ಸಿಪ್ಪೆಯಿಂದ ಬಯೋ ಎಂಜೈಮ್ ಮಾಡಲು ಹೋಗಿ ಬಾಟಲಿಯ ಮುಚ್ಚಳ ಹಾರಿ ಗೋಡೆಯೆಲ್ಲ ಕಲೆ. ಅತ್ತೆ ಕೂಡಿಟ್ಟಿದ್ದ ಪ್ಲಾಸ್ಟಿಕ್ ಕವರ್‌ಗಳ ದೊಡ್ಡ ಗಂಟನ್ನು ಸಿಟ್ಟಿನಲ್ಲಿ ಹೊರಗೆ ಹಾಕಿದ್ದಕ್ಕೆ ಇನ್ನೊಂದು ರಂಪ. ಯಜಮಾನರು ಹತ್ತು ನಿಮಿಷದ ಆ್ಯಪ್‌ನಲ್ಲಿ ಒಂದು ಕಟ್ಟು ಕೊತ್ತಂಬರಿ ತರಿಸುತ್ತಾರೆ. ಕೇಳಿದರೆ, 'ನೀನು ಬೇರೆ ಬೇರೆ ಮಾಡಿ ಕೊಟ್ಟಿದ್ದನ್ನು ಗಾಡಿಯವನು ಒಟ್ಟಿಗೇ ಸುರಿದುಕೊಂಡು ಹೋಗುತ್ತಾನೆ, ನಿನಗ್ಯಾಕೆ ಈ ಹುಚ್ಚು' ಅನ್ನುತ್ತಾರೆ. ಹೋದ ತಿಂಗಳು ಮಗಳ ಗೆಳತಿಯ ಹುಟ್ಟುಹಬ್ಬದಲ್ಲಿ ಕೊಟ್ಟ ಪ್ಲಾಸ್ಟಿಕ್ ಪೆನ್ಸಿಲ್ ಡಬ್ಬಿಯನ್ನು ನಾನು ಅಲ್ಲೇ ವಾಪಸ್ ಕೊಡಿಸಿದೆ. ಅವತ್ತು ಅತ್ತ ಮಗಳು ಈಗ ಯಾವ ಪಾರ್ಟಿಗೂ ಬರುವುದಿಲ್ಲ ಅನ್ನುತ್ತಾಳೆ. ತಿಂಗಳ ಮುಟ್ಟಿನ ಪ್ಯಾಡ್ ಬಿಸಾಡುವಾಗಲೂ ನನಗೆ ತಪ್ಪು ಮಾಡಿದ ಭಾವನೆ. ಇದನ್ನೆಲ್ಲ ಬಿಟ್ಟುಬಿಡಲೇ? ಬಿಟ್ಟರೆ ನೆಮ್ಮದಿ ಸಿಗುತ್ತದೆಯೇ?

– ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ಮಗಳ ವಿಷಯ. ನಿಮ್ಮ ಪತ್ರದಲ್ಲಿ ಒಂದು ದಿನವೂ ತಡಮಾಡಬಾರದ ಸಂಗತಿ ಅದೊಂದೇ. ಆ ಪೆನ್ಸಿಲ್ ಡಬ್ಬಿ ಆಗಲೇ ಕಾರ್ಖಾನೆಯಲ್ಲಿ ತಯಾರಾಗಿ, ಅಂಗಡಿಗೆ ಬಂದು, ದುಡ್ಡು ಕೊಟ್ಟು ಕೊಂಡಾಗಿತ್ತು. ನೀವು ವಾಪಸ್ ಕೊಡಿಸಿದ್ದರಿಂದ ಭೂಮಿಯ ಮೇಲೆ ಒಂದು ಗ್ರಾಂ ಪ್ಲಾಸ್ಟಿಕ್ ಕೂಡ ಕಡಿಮೆಯಾಗಲಿಲ್ಲ. ಆದರೆ ಗೆಳತಿಯರ ಎದುರು ತಲೆತಗ್ಗಿಸಿ ನಿಂತ ಮಗುವಿಗೆ, ಪರಿಸರದ ಕಾಳಜಿ ಅಂದರೆ ಅಮ್ಮ ನಾಲ್ಕು ಜನರೆದುರು ಮಾಡುವ ಅವಮಾನ ಎಂದಾಯಿತು. ಇವತ್ತು ಸಂಜೆಯೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು 'ನಾನು ಹಾಗೆ ಮಾಡಬಾರದಿತ್ತು' ಎಂದು ಹೇಳಿ. ಹಿಂದೆಯೇ 'ಆದರೆ' ಎಂದು ಶುರುಮಾಡಿ ಕಸದ ಗುಡ್ಡದ ಕಥೆ ಹೇಳಬೇಡಿ, ಅದನ್ನು ಅವಳು ಸಾಕಷ್ಟು ಕೇಳಿದ್ದಾಳೆ. ಗೆಳತಿಯ ಅಮ್ಮನಿಗೆ ಒಂದು ಫೋನ್ ಮಾಡಿ. ಅವರು ನಕ್ಕು ಸುಮ್ಮನಾಗುತ್ತಾರೆ, ಮಕ್ಕಳ ತಾಯಂದಿರಿಗೆ ಇದಕ್ಕಿಂತ ದೊಡ್ಡವು ಅಭ್ಯಾಸವಾಗಿರುತ್ತವೆ. ನಿಮ್ಮ ಮಗಳ ಹುಟ್ಟುಹಬ್ಬ ಬಂದಾಗ ಏನು ಕೊಡಬೇಕು ಎನ್ನುವುದನ್ನು ಅವಳೇ ತೀರ್ಮಾನಿಸಲಿ. ಪೆನ್ಸಿಲ್ ಡಬ್ಬಿಯನ್ನೇ ಆರಿಸಿದರೂ ತೆಪ್ಪಗಿರಿ.

ಇನ್ನು ನೀವು ಕೇಳಿದ ಪ್ರಶ್ನೆ. ಬಿಡಬೇಡಿ. ಆದರೆ ಈಗ ಹಿಡಿದಿರುವಷ್ಟನ್ನು ಹಿಡಿದುಕೊಂಡಿರಲೂ ಬೇಡಿ.

ನಿಮ್ಮ ಸಂಕಟದ ಬೇರು ಕಸದಲ್ಲಿಲ್ಲ, 'ಕಸವೇ ಹೊರಗೆ ಹೋಗಬಾರದು' ಎಂಬ ಆ ಹಟದಲ್ಲಿದೆ. ಈ ಶೂನ್ಯ ಕಸದ ಕಲ್ಪನೆಯನ್ನು ಮನೆಮಾತಾಗಿಸಿದವರಲ್ಲಿ ಕ್ಯಾಲಿಫೋರ್ನಿಯಾದ ಬಿಯಾ ಜಾನ್ಸನ್ ಮುಖ್ಯರು. ನಾಲ್ಕು ಜನರ ತಮ್ಮ ಕುಟುಂಬದ ಇಡೀ ವರ್ಷದ ಕಸವನ್ನು ಅವರು ಒಂದು ಗಾಜಿನ ಜಾಡಿಯಲ್ಲಿ ತುಂಬಿಸಿ ತೋರಿಸಿದರು. 2013ರಲ್ಲಿ ಬಂದ ಅವರ ಪುಸ್ತಕ ಎಷ್ಟೋ ಭಾಷೆಗಳಿಗೆ ಹೋಯಿತು. ಬೇಡವೆನ್ನು, ಕಡಿಮೆ ಮಾಡು, ಮತ್ತೆ ಬಳಸು, ಮರುಬಳಕೆಗೆ ಕೊಡು, ಕೊನೆಗೆ ಕೊಳೆಸು ಎನ್ನುವುದು ಅವರು ಹೇಳುವ ಕ್ರಮ. ಅಮೆರಿಕದ ಅಡುಗೆಮನೆಗೆ ಅದು ಸರಿ, ಅಲ್ಲಿ ಅಂಗಡಿಯಿಂದ ಬರುವುದು ಹೆಚ್ಚಾಗಿ ಪೊಟ್ಟಣದಲ್ಲೇ ಬರುತ್ತದೆ. ನಮ್ಮಲ್ಲಿ ಸೊಪ್ಪು ಬಿಡಿಸುತ್ತೇವೆ, ತೆಂಗಿನಕಾಯಿ ಸುಲಿಯುತ್ತೇವೆ, ಅವರೆಕಾಯಿ ಕಾಲದಲ್ಲಿ ಹಿತಕಿ ಹಿತಕಿ ಮೊರದ ತುಂಬ ಸಿಪ್ಪೆ ಮಾಡುತ್ತೇವೆ. ನಮ್ಮ ನಗರಗಳ ಮನೆಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿಕಸವೇ. ಹಾಗಾಗಿ ಅವರ ಪಟ್ಟಿಯ ಕೊನೆಯಲ್ಲಿರುವ ಕೊಳೆಸುವ ಕೆಲಸ ನಮ್ಮ ಪಟ್ಟಿಯಲ್ಲಿ ಮೊದಲು ಬರಬೇಕು. ನೀವು ಜಾಡಿ, ಬ್ರಷ್‌ಗಳಿಂದ ಶುರುಮಾಡಿದಿರಿ. ಗೊಬ್ಬರವನ್ನು ಮೂರನೇ ವಾರಕ್ಕೆ ಬಿಟ್ಟಿರಿ. ಅದನ್ನು ತಿರುವುಮುರುವು ಮಾಡಿ. ಹಸಿಕಸ ಒಂದನ್ನು ಮನೆಯಲ್ಲೇ ಮುಗಿಸಿದರೆ ನಿಮ್ಮ ಬುಟ್ಟಿ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಉಳಿದದ್ದರ ಬಗ್ಗೆ ನಿದ್ದೆಗೆಡುವ ಅಗತ್ಯವಿಲ್ಲ.

ನಿಮ್ಮ ಯಜಮಾನರ ಮಾತಿಗೂ ಉತ್ತರ ಇಲ್ಲೇ ಇದೆ. ಅವರು ಹೇಳುವುದು ಪೂರ್ತಿ ಸುಳ್ಳಲ್ಲ. ಬೇರೆ ಬೇರೆ ಮಾಡಿ ಕೊಟ್ಟ ಕಸ ಗಾಡಿಯಲ್ಲಿ ಒಂದಾಗುವುದನ್ನು ಈ ಊರಿನ ಎಷ್ಟೋ ಜನ ಕಣ್ಣಾರೆ ಕಂಡಿದ್ದಾರೆ. ಕೆಲವು ಸಲ ತಪ್ಪು ಗಾಡಿಯವರದು. ಕೆಲವು ಸಲ ನಮ್ಮದು, ಹಸಿಕಸ ಒಯ್ಯುವ ದಿನ ಒಣಕಸವನ್ನೂ ತಂದು ಸುರಿದು ಹೋಗುತ್ತೇವೆ. ಆದರೆ ಬಾಲ್ಕನಿಯಲ್ಲಿ ಗೊಬ್ಬರವಾಗುತ್ತಿರುವ ಸಿಪ್ಪೆಯನ್ನು ಯಾವ ಗಾಡಿಯವನೂ ಪ್ಲಾಸ್ಟಿಕ್ಕಿಗೆ ಬೆರೆಸಲಾರ, ಅದು ಗಾಡಿ ಹತ್ತುವುದೇ ಇಲ್ಲವಲ್ಲ. ಹಸಿಕಸ ತಾಗದ ಒಣಕಸ ಚೊಕ್ಕಟವಾಗಿರುತ್ತದೆ, ವಾರಗಟ್ಟಲೆ ಇಟ್ಟರೂ ನಾರುವುದಿಲ್ಲ, ನಿಮಗೆ ಬೇಕಾದ ದಿನ ಬೇಕಾದವರಿಗೆ ಕೊಡಬಹುದು. ವ್ಯವಸ್ಥೆ ಸರಿಯಿಲ್ಲ ಎನ್ನುವುದು ಮನೆಯಲ್ಲಿ ಏನೂ ಮಾಡದಿರಲು ಕಾರಣವಾಗುವುದಿಲ್ಲ ಎಂದು ಅವರೊಂದಿಗೆ ವಾದ ಮಾಡುವ ಬದಲು, ಎರಡು ತಿಂಗಳಾದ ಮೇಲೆ ಬುಟ್ಟಿ ತೋರಿಸಿ.

ಈ ಬೇರ್ಪಡಿಸುವ ನಿಯಮ ನಮ್ಮ ಊರಿಗೆ ಹೇಗೆ ಬಂತು ಎಂದು ಅವರಿಗೆ ಗೊತ್ತಿರಲಿಕ್ಕಿಲ್ಲ. ಬೆಂಗಳೂರಿನ ಕಸ ವರ್ಷಗಟ್ಟಲೆ ಊರಾಚೆಯ ಮಾವಳ್ಳಿಪುರ, ಮಂಡೂರು ಹಳ್ಳಿಗಳಿಗೆ ಹೋಗಿ ಬೀಳುತ್ತಿತ್ತು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ನಗರದ ಬೀದಿಗಳಲ್ಲೇ ಕಸ ರಾಶಿ ಬಿತ್ತು. ಮಂಡೂರಿನ ಜನ ಲಾರಿಗಳನ್ನು ತಡೆದು ವರ್ಷಗಳ ಕಾಲ ಹೋರಾಡಿದ ಮೇಲೆ 2014ರ ಕೊನೆಗೆ ಅಲ್ಲಿಗೂ ಸುರಿಯುವುದು ನಿಂತಿತು. ಹೈಕೋರ್ಟಿನಲ್ಲಿ ನಡೆದ ಸಾರ್ವಜನಿಕ ಹಿತಾಸಕ್ತಿ ಪ್ರಕರಣದಲ್ಲಿ ಮನೆಯಲ್ಲೇ ಬೇರ್ಪಡಿಸುವುದು ಕಡ್ಡಾಯ ಎಂದಾಯಿತು. 2015ರ ಡಿಸೆಂಬರ್‌ನಲ್ಲಿ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಬಂತು: ಹಸಿಕಸಕ್ಕೆ ಹಸಿರು ಬುಟ್ಟಿ, ಪ್ಯಾಡ್, ಡೈಪರ್‌ನಂಥವಕ್ಕೆ ಕೆಂಪು ಬುಟ್ಟಿ, ಒಣಕಸಕ್ಕೆ ಚೀಲ. ಇಷ್ಟಾಗಿಯೂ ನಮ್ಮ ಕಸ ಇನ್ನೊಂದು ಹಳ್ಳಿಯ ಮಗ್ಗುಲಿನ ಕಲ್ಲುಕ್ವಾರಿಗೆ ಹೋಗಿ ಬೀಳುವುದು ತಪ್ಪಿಲ್ಲ. ಅಲ್ಲಿ ನಾರುವುದು ಮುಖ್ಯವಾಗಿ ಪ್ಲಾಸ್ಟಿಕ್ ಅಲ್ಲ, ನಮ್ಮ ಅನ್ನ ಸಾರು. ಗಾಳಿಯಾಡದ ರಾಶಿಯಡಿ ಹೂತ ಹಸಿಕಸ ಕೊಳೆತಾಗ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿದಿಡುವ ಅನಿಲ. ಕಸದ ಗುಡ್ಡಗಳಿಗೆ ಪದೇ ಪದೇ ಬೆಂಕಿ ಹತ್ತಿಕೊಳ್ಳುವುದಕ್ಕೂ ಅದೇ ಕಾರಣ. ನೀವು ಅವತ್ತು ಕಂಡ ಹಳ್ಳಿಯವರಿಗೆ ನಿಮ್ಮಿಂದ ಆಗಬಹುದಾದ ದೊಡ್ಡ ಉಪಕಾರವೆಂದರೆ ಅಡುಗೆಮನೆಯ ಹಸಿಯನ್ನು ಅಲ್ಲಿಗೆ ಕಳಿಸದಿರುವುದು.

ಹಾಗಾದರೆ ಆ ಡಬ್ಬ ಯಾಕೆ ನಾರಿತು? ನೀವು ಬರೆದಿಲ್ಲ, ಆದರೂ ನನ್ನ ಊಹೆ ಇದು: ದಿನಾ ಸಿಪ್ಪೆ, ಉಳಿದ ಅನ್ನ, ಸಾರಿನ ತಳ ಎಲ್ಲ ಹಾಕಿ ಮುಚ್ಚಳ ಮುಚ್ಚಿದಿರಿ, ಒಣ ಪದಾರ್ಥ ಹಾಕಲಿಲ್ಲ. ಗೊಬ್ಬರ ಮಾಡುವ ಜೀವಾಣುಗಳಿಗೆ ಗಾಳಿ ಬೇಕು. ಹಸಿ ಸಿಪ್ಪೆಯಲ್ಲಿ ನೀರು, ಸಾರಜನಕ ಹೆಚ್ಚು, ಇಂಗಾಲ ಕಡಿಮೆ. ಬರೀ ಅದನ್ನೇ ಒತ್ತೊತ್ತಾಗಿ ತುಂಬಿದರೆ ನೀರೊಡೆದು, ಗಾಳಿ ಸಂದು ಮುಚ್ಚಿಹೋಗಿ, ಗಾಳಿಯಿಲ್ಲದೆ ಬದುಕುವ ಬೇರೆ ಜೀವಾಣುಗಳು ಸೇರಿಕೊಂಡು ನಾರುತ್ತವೆ. ಮದ್ದು ಒಣ ಎಲೆ. ಒಂದು ಬೋಗುಣಿ ಹಸಿಕಸಕ್ಕೆ ಒಂದೂವರೆ, ಎರಡು ಬೋಗುಣಿ ಪುಡಿಮಾಡಿದ ಒಣ ಎಲೆ. ಎಲೆ ಸಿಗದಿದ್ದರೆ ತೆಂಗಿನ ನಾರಿನ ಪುಡಿ, ಮರದ ಹೊಟ್ಟು, ಹರಿದ ರಟ್ಟಿನ ಪೆಟ್ಟಿಗೆಯೂ ನಡೆಯುತ್ತದೆ. ನಿಮ್ಮ ಯಜಮಾನರ ಆ್ಯಪ್‌ನ ಕಂದು ಕಾಗದದ ಚೀಲಗಳಿಗೂ ಅಲ್ಲಿ ಜಾಗವಿದೆ, ಚೂರು ಮಾಡಿ ಹಾಕಿ.

ಡಬ್ಬ ದುಬಾರಿಯದ್ದೇ ಆಗಬೇಕಿಲ್ಲ. ಪೂನಂ ಬೀರ್ ಕಸ್ತೂರಿಯವರು 2006ರಲ್ಲಿ ಇದೇ ಊರಿನಲ್ಲಿ ಶುರುಮಾಡಿದ ಡೈಲಿ ಡಂಪ್, ಒಂದರ ಮೇಲೊಂದು ಕೂರುವ ಮಣ್ಣಿನ ಕುಂಡಗಳನ್ನು ಫ್ಲ್ಯಾಟ್‌ಗಳ ಬಾಲ್ಕನಿಗೆ ತಂದಿತು. ಮಣ್ಣು ಉಸಿರಾಡುತ್ತದೆ, ಅದು ಅದರ ಗುಣ. ಆದರೆ ಪೇಂಟ್ ಬಕೆಟ್ ಎರಡಿದ್ದರೆ ಸುತ್ತಲೂ, ತಳಕ್ಕೂ ಕಾದ ಮೊಳೆಯಿಂದ ತೂತು ಮಾಡಿ, ಅಡಿಗೊಂದು ತಟ್ಟೆ ಇಟ್ಟರೂ ಸಾಕು. ತಳದಲ್ಲಿ ತೆಂಗಿನ ಕತ್ತ, ಮೇಲೆ ಎಲೆ. ಮೊದಲ ಸಲ ಹುಳಿ ಮಜ್ಜಿಗೆ ಅಥವಾ ಒಂದು ಹಿಡಿ ಹಳೆಯ ಗೊಬ್ಬರ ಚಿಮುಕಿಸಿದರೆ ಬೇಗ ಶುರುವಾಗುತ್ತದೆ. ಸಿಪ್ಪೆಗಳನ್ನು ಚಿಕ್ಕದಾಗಿ ಹೆಚ್ಚಿ. ಸಾರು, ಹುಳಿ, ಮಜ್ಜಿಗೆಯ ನೀರನ್ನು ಸೋಸಿ ಗಟ್ಟಿಯನ್ನಷ್ಟೇ ಹಾಕಿ. ಮಾಂಸ, ಮೂಳೆ, ಕರಿದ ಎಣ್ಣೆ ಆರಂಭದಲ್ಲಿ ಬೇಡವೇ ಬೇಡ. ತೆಂಗಿನ ಚಿಪ್ಪು, ಮಾವಿನ ಓಟೆ ವರ್ಷವಾದರೂ ಕರಗುವುದಿಲ್ಲ, ಆರಿಸಿಬಿಡಿ. ಎರಡು ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕಿ. ಒಂದು ಹಿಡಿ ಕೈಗೆತ್ತಿಕೊಂಡು ಹಿಂಡಿ ನೋಡಿ, ಹಿಂಡಿ ಹರವಿದ ಪಂಚೆಯಷ್ಟು ತೇವವಿರಬೇಕು. ನೀರು ತೊಟ್ಟಿಕ್ಕಿದರೆ ಇನ್ನಷ್ಟು ಎಲೆ, ಪುಡಿಪುಡಿಯಾದರೆ ಸ್ವಲ್ಪ ನೀರು. ಮೊದಲನೆಯ ಬಕೆಟ್ ತುಂಬಿದ ಮೇಲೆ ಅದನ್ನು ಪಕ್ಕಕ್ಕಿಟ್ಟು ಎರಡನೆಯದು ಶುರುಮಾಡಿ. ಸುಮಾರು ಎರಡು ತಿಂಗಳಲ್ಲಿ ಮೊದಲನೆಯದು ಕಪ್ಪಗೆ, ಮಳೆಗೆ ನೆನೆದ ಮಣ್ಣಿನ ವಾಸನೆಯ ಗೊಬ್ಬರವಾಗಿರುತ್ತದೆ.

ಹುಳ ಕಂಡು ನೀವು ಹೆದರಿದ್ದೀರಿ. ಬೂದು ಬಣ್ಣದ, ದಪ್ಪಗಿನ, ಹೊರಳಾಡುವ ಹುಳಗಳಾಗಿದ್ದರೆ ಅವು ಹೆಚ್ಚಾಗಿ ಕಪ್ಪು ಸೈನಿಕ ನೊಣದ ಮರಿಗಳು. ಅವು ಕಚ್ಚುವುದಿಲ್ಲ, ಕಸವನ್ನು ನಮಗಿಂತ ಬೇಗ ಮುಗಿಸಿಕೊಡುತ್ತವೆ. ಹಸಿಕಸ ವಿಲೇವಾರಿಗೆಂದೇ ಇವನ್ನು ಸಾಕುವವರಿದ್ದಾರೆ. ನೋಡಲು ಹೇಸಿಗೆಯಾಗುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ದಿನಾ ಕಸ ಹಾಕಿದ ಮೇಲೆ ಒಂದಂಗುಲ ಒಣ ಎಲೆ ಹೊದಿಸಿ, ಬಾಯಿಗೆ ಹಳೆಯ ತೆಳು ಬಟ್ಟೆ ಕಟ್ಟಿದರೆ ನೊಣ ಒಳಗಿಳಿದು ಮೊಟ್ಟೆ ಇಡುವುದು ಕಷ್ಟವಾಗುತ್ತದೆ. ಬೇವಿನ ಹಿಂಡಿ ಒಂದು ಹಿಡಿ ಉದುರಿಸಿದರೂ ಆದೀತು.

ಓನರ್ ಆಂಟಿಗೆ ಹೇಳದೆ ಮತ್ತೆ ಶುರುಮಾಡಬೇಡಿ. ಮೇಲೆ ತಾರಸಿಯಿದ್ದರೆ ಅದರ ಒಂದು ಮೂಲೆ ಕೇಳಿ, ಮಳೆ ಬೀಳದ ಕಡೆ. ನಾರಿದರೆ ತೆಗೆದುಬಿಡುತ್ತೇನೆ ಎಂದು ಮೊದಲೇ ಮಾತು ಕೊಡಿ. ಕುಂಡದಲ್ಲಿ ಗುಲಾಬಿಯೋ ಕರಿಬೇವೋ ಬೆಳೆಸದ ಓನರ್ ಆಂಟಿ ಬೆಂಗಳೂರಿನಲ್ಲಿ ಅಪರೂಪ. ಗೊಬ್ಬರ ಯಾರಿಗೆ ಕೊಡುವುದು ಎಂಬ ಪ್ರಶ್ನೆಯೂ ಅಲ್ಲೇ ಬಗೆಹರಿಯುತ್ತದೆ. ತಾರಸಿಗೆ ಹೋದರೆ ತುಳಸಿಯ ತಕರಾರೂ ಇರುವುದಿಲ್ಲ. ಆ ವಿಷಯದಲ್ಲಿ ನಿಮ್ಮ ಅತ್ತೆ ಹೇಳಿದ್ದು ಸರಿಯೇ. ತಿಪ್ಪೆಯನ್ನು ಪೂಜೆಯ ಜಾಗದಿಂದ ದೂರ ಇಡುವುದು ಅವರು ಹುಟ್ಟಿ ಬೆಳೆದ ಮನೆಯ ಕ್ರಮ, ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿ ನೀವು ಗಳಿಸುವುದು ಏನೂ ಇಲ್ಲ.

ಅತ್ತೆಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ನಿಮ್ಮ ಮನೆಯಲ್ಲಿ ಕಸ ಕಡಿಮೆ ಮಾಡುವುದು ಗೊತ್ತಿರುವವರು ಅವರೊಬ್ಬರೇ ಇರಬಹುದು, ನೀವು ಅವರನ್ನೇ ಎದುರಾಳಿ ಮಾಡಿಕೊಂಡಿದ್ದೀರಿ. ಆ ಕವರ್ ಗಂಟು ನೋಡಿ. ರಾಜ್ಯದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧವಾಗಿದ್ದು 2016ರ ಮಾರ್ಚ್‌ನಲ್ಲಿ. ಇವತ್ತಿಗೂ ತರಕಾರಿ ಗಾಡಿಗೆ ಅವು ನೇತಾಡುತ್ತಲೇ ಇರುತ್ತವೆ. ಬಂದ ಕವರನ್ನು ಮಡಚಿ ಎತ್ತಿಟ್ಟು ಇನ್ನೊಂದು ಸಲ ಬಳಸುವುದು ಬಿಸಾಡುವುದಕ್ಕಿಂತ ಎಷ್ಟೋ ಮೇಲು. ನೀವು ಆ ಗಂಟನ್ನು ಹೊರಗೆ ಹಾಕಿ, ಅದರ ಜಾಗದಲ್ಲಿ ಹೊಸ ಹತ್ತಿ ಚೀಲ ತರಿಸಿದಿರಿ. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಂದೇ ಸಲ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲದ ಹವಾಮಾನ ಹೊರೆಗೆ ಸರಿದೂಗಬೇಕಾದರೆ ಹೊಸ ಹತ್ತಿ ಚೀಲವನ್ನು 131 ಸಲ ಬಳಸಬೇಕು. ಹತ್ತಿ ಬೆಳೆಯಲು, ನೇಯಲು ಅಷ್ಟು ಖರ್ಚಿದೆ. ಹಾಗೆಂದು ಪ್ಲಾಸ್ಟಿಕ್ ಒಳ್ಳೆಯದೆಂದಲ್ಲ. ಚರಂಡಿ ಕಟ್ಟುವುದು, ಹಸುವಿನ ಹೊಟ್ಟೆ ಸೇರುವುದು ಈ ಲೆಕ್ಕದಲ್ಲಿ ಬರುವುದಿಲ್ಲ. ಚೀಲ ಬೇಕಿದ್ದರೆ ಹಳೆಯ ಸೀರೆಯದೋ ಪ್ಯಾಂಟಿನದೋ ಹೊಲಿಸಿ ಎನ್ನುವುದಷ್ಟೇ ನನ್ನ ಮಾತು. ಉತ್ತರ ಕರ್ನಾಟಕದ ಹೆಂಗಸರು ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಸೇರಿಸಿ ಕೌದಿ ಹೊಲಿಯುತ್ತಾರಲ್ಲ, ಅದಕ್ಕೆ ಯಾರೂ ಪರಿಸರಸ್ನೇಹಿ ಎಂಬ ಚೀಟಿ ಅಂಟಿಸಿಲ್ಲ. ಕೊಂಡದ್ದು ಕೊಂಡಾಯಿತು, ಆ ಸ್ಟೀಲ್ ಡಬ್ಬಿಗಳನ್ನು ಇಪ್ಪತ್ತು ವರ್ಷ ಬಳಸಿ. ಹೊಸದಾಗಿ ಏನೂ ಕೊಳ್ಳಬೇಡಿ. ಬಯೋ ಎಂಜೈಮನ್ನೂ ಸದ್ಯಕ್ಕೆ ಬಿಡಿ. ಬೆಲ್ಲ, ಸಿಪ್ಪೆ, ನೀರು ಹುದುಗುವಾಗ ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು. ಕೆಲಸಕ್ಕೆ ಹೋಗುವ ನಿಮಗೆ ಇನ್ನೊಂದು ಕೂಸು ಯಾಕೆ?

ಅತ್ತೆಯಿಂದ ಕಲಿಯಬೇಕಾದದ್ದು ಅಡುಗೆಯಲ್ಲಿದೆ. ವಿಶ್ವಸಂಸ್ಥೆಯ ಪರಿಸರ ವಿಭಾಗ 2024ರಲ್ಲಿ ಪ್ರಕಟಿಸಿದ ವರದಿ ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕಿಲೋ ಆಹಾರ ಕಸಕ್ಕೆ ಹೋಗುತ್ತದೆ ಎಂದು ಅಂದಾಜಿಸಿದೆ. ಸಿಪ್ಪೆ, ಬೀಜಗಳೂ ಇದರಲ್ಲಿ ಸೇರಿವೆ. ನಾಲ್ವರ ಮನೆಗೆ ದಿನಕ್ಕೆ ಅರ್ಧ ಕಿಲೋಗಿಂತ ಹೆಚ್ಚಾಯಿತು. ಇದರಲ್ಲಿ ಎಷ್ಟೋ ಭಾಗ ಗೊಬ್ಬರದ ಬಕೆಟ್‌ಗೂ ಹೋಗಬೇಕಾಗಿಲ್ಲ, ಹೊಟ್ಟೆಗೇ ಹೋಗಬಹುದು. ಹೀರೆಕಾಯಿ ಸಿಪ್ಪೆ ಚಟ್ನಿ, ಕಲ್ಲಂಗಡಿಯ ಬಿಳಿ ತಿರುಳಿನ ದೋಸೆ, ಕಿತ್ತಳೆ ಸಿಪ್ಪೆ ಗೊಜ್ಜು, ದಾಳಿಂಬೆ ಸಿಪ್ಪೆ ತಂಬುಳಿ, ಉಳಿದ ಅನ್ನದ ಸಂಡಿಗೆ, ಬೆಳಗಿನ ಚಿತ್ರಾನ್ನ. ಬಡತನದಲ್ಲಿ ಹುಟ್ಟಿದ ಅಡುಗೆಗಳೆಂದು ನಾವು ಇವನ್ನು ಕೈಬಿಟ್ಟೆವು, ಈಗ ಹೋಟೆಲಿನವರು ವಿಶೇಷವೆಂದು ದುಡ್ಡು ತೆಗೆದುಕೊಂಡು ಬಡಿಸುತ್ತಾರೆ. ಅತ್ತೆಯನ್ನು ಕೇಳಿ, 'ನಿಮ್ಮಮ್ಮ ಯಾವ್ಯಾವ ಸಿಪ್ಪೆಗೆ ಏನೇನು ಮಾಡುತ್ತಿದ್ದರು' ಎಂದು. ಅವರ ಮುನಿಸು ಇಳಿಯುವುದಕ್ಕೂ ಇದಕ್ಕಿಂತ ಒಳ್ಳೆಯ ದಾರಿ ನನಗೆ ತೋಚುವುದಿಲ್ಲ. ದಿನಾ ಎಷ್ಟು ಅನ್ನ ಉಳಿಯುತ್ತದೆ ಎಂದು ಒಂದು ವಾರ ಗಮನಿಸಿ, ಒಂದು ಲೋಟ ಅಕ್ಕಿ ಹೆಚ್ಚಾಗುತ್ತಿದ್ದರೆ ಅಷ್ಟು ಕಡಿಮೆ ಇಡಿ. ಅತಿಥಿ ಬಂದರೆ ಕುಕ್ಕರ್ ಇನ್ನೊಂದು ಸಲ ಕೂಗಲು ಹದಿನೈದು ನಿಮಿಷ ಸಾಕು.

ಯಜಮಾನರ ಆ್ಯಪ್ ಚಟದ ಬಗ್ಗೆ: ಅವರನ್ನು ಹಿಡಿದು ನಿಲ್ಲಿಸುವ ಬದಲು, ಅದರ ಅಗತ್ಯ ಬೀಳದಂತೆ ಮಾಡಿ. ಹಿಂದೆ ತಿಂಗಳ ದಿನಸಿಗೆ ಚೀಟಿ ಬರೆಯುತ್ತಿದ್ದರು. ಈಗ ಮನೆಯಲ್ಲಿ ಚೀಟಿಯೇ ಇಲ್ಲ, ಸಾಸಿವೆ ಮುಗಿದದ್ದು ಒಗ್ಗರಣೆಗೆ ಎಣ್ಣೆ ಕಾದ ಮೇಲೆ ಗೊತ್ತಾಗುತ್ತದೆ. ಚೀಟಿ ಬರೆದು ಅವರ ಕೈಗೇ ಕೊಡಿ, ಭಾನುವಾರ ಚೀಲ ಹಿಡಿದು ಅವರು ಹೋಗಿ ಬರಲಿ. ಹಾಪ್‌ಕಾಮ್ಸ್‌ನಲ್ಲಿ, ಮಾರುಕಟ್ಟೆಯಲ್ಲಿ ತರಕಾರಿ ಬಿಡಿಯಾಗಿ ತೂಗಿ ನಿಮ್ಮ ಚೀಲಕ್ಕೇ ಹಾಕುತ್ತಾರೆ. ಅವಸರಕ್ಕೆ ಆ್ಯಪ್ ಇರಲಿ ಬಿಡಿ, ಅದೇನು ಮಹಾಪಾಪವಲ್ಲ. ಮಗಳ ಕುರುಕಲು ತಿಂಡಿಯಲ್ಲಿ ಮಾತ್ರ ನಿಜವಾದ ಉಳಿತಾಯವಿದೆ. ಚಿಪ್ಸ್ ಪೊಟ್ಟಣದಲ್ಲಿ ಪ್ಲಾಸ್ಟಿಕ್ ಮೇಲೆ ಅಲ್ಯೂಮಿನಿಯಂ ತೆಳುಪದರ ಅಂಟಿಕೊಂಡಿರುತ್ತದೆ, ಬಿಡಿಸಲು ಬಾರದು, ಗುಜರಿಯವರು ಮುಟ್ಟುವುದಿಲ್ಲ. ಅದೃಷ್ಟವಿದ್ದರೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಹೋಗುತ್ತದೆ. ಬೆಂಗಳೂರಿನ ಹಳೆಯ ಬಡಾವಣೆಗಳ ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಕೋಡುಬಳೆ, ನಿಪ್ಪಟ್ಟು, ಅವಲಕ್ಕಿ ಮಿಕ್ಸ್ಚರ್ ತೂಕದ ಮೇಲೆ ಸಿಗುತ್ತವೆ. ನೀವು ಕೊಂಡ ಸ್ಟೀಲ್ ಡಬ್ಬಿಗಳಿಗೆ ಒಂದು ಕೆಲಸವಾಯಿತು. ಡಬ್ಬಿ ಒಡ್ಡಿದರೆ ಅಂಗಡಿಯವರು ಮೊದಲ ಸಲ ವಿಚಿತ್ರವಾಗಿ ನೋಡುತ್ತಾರೆ, ಆಮೇಲೆ ಗುರುತು ಹಿಡಿಯುತ್ತಾರೆ.

ಮನೆಯಲ್ಲಿ ಸತ್ಯನಾರಾಯಣ ಪೂಜೆಯೋ ನಾಮಕರಣವೋ ಬಂದರೆ ಕಾಗದದ ಲೋಟಕ್ಕೆ ಮರುಳಾಗಬೇಡಿ, ಅದರ ಒಳಮೈಗೆ ಪ್ಲಾಸ್ಟಿಕ್ ಸವರಿರುತ್ತಾರೆ. ಬಾಳೆಎಲೆ ಮತ್ತು ಸ್ಟೀಲ್ ಲೋಟ ಸಾಕು. ಇಂಥ ಸಮಾರಂಭಗಳಿಗೆಂದೇ ಅದಮ್ಯ ಚೇತನ ಸಂಸ್ಥೆಯವರು ತಟ್ಟೆ ಬ್ಯಾಂಕ್ ನಡೆಸುತ್ತಾರೆ, ಸ್ಟೀಲ್ ತಟ್ಟೆ ಲೋಟ ಒಯ್ದು ಬಳಸಿ ಮರಳಿಸಬಹುದು.

ಒಣಕಸಕ್ಕೆ ಹೆಚ್ಚು ಹೇಳುವುದೇನೂ ಇಲ್ಲ. ಹಾಲಿನ ಕವರನ್ನು ತೊಳೆದು ಒಣಗಿಸಿ ಕೂಡಿಟ್ಟರೆ ಗುಜರಿ ಅಂಗಡಿಯವರು ತೆಗೆದುಕೊಳ್ಳುತ್ತಾರೆ. ಮೂಲೆಯನ್ನು ಪೂರ್ತಿ ಕತ್ತರಿಸದೆ ಸೀಳು ಮಾಡಿ, ಆ ಚಿಕ್ಕ ತ್ರಿಕೋನದ ಚೂರು ಸಿಂಕಿನಲ್ಲಿ ಜಾರಿದರೆ ಯಾರ ಕೈಗೂ ಸಿಗುವುದಿಲ್ಲ. ಗಾಜು ಒಡೆದರೆ ಪೇಪರಿನಲ್ಲಿ ಸುತ್ತಿ, ಮೇಲೆ ಬರೆದು, ಕೈಗೇ ಕೊಡಿ. ಕಸ ಬೇರ್ಪಡಿಸುವವರ ಕೈ ಕೊಯ್ಯುವುದು ನಮ್ಮ ಮನೆಗಳ ಗಾಜಿನಿಂದಲೇ. ಚಿಂದಿ ಆಯುವವರನ್ನು ಸಂಘಟಿಸಿರುವ ಹಸಿರು ದಳದಂಥ ಸಂಸ್ಥೆಗಳು ನಡೆಸಲು ನೆರವಾಗುವ ಒಣಕಸ ಸಂಗ್ರಹಣಾ ಕೇಂದ್ರಗಳು ಎಷ್ಟೋ ವಾರ್ಡ್‌ಗಳಲ್ಲಿವೆ. ನಿಮ್ಮದರಲ್ಲಿ ಎಲ್ಲಿದೆ ಎಂದು ಗಾಡಿಯವರನ್ನೇ ಕೇಳಿ. ಒಂದು ಸಲ ಯಜಮಾನರನ್ನು ಕರೆದುಕೊಂಡು ಹೋಗಿ ಬಂದರೆ, ಎಲ್ಲ ಒಟ್ಟಿಗೇ ಸುರಿಯುತ್ತಾರೆ ಎಂಬ ಮಾತು ಅಲ್ಲಿಗೆ ಸ್ವಲ್ಪ ತಣ್ಣಗಾದೀತು.

ಪ್ಯಾಡ್ ವಿಷಯದಲ್ಲಿ ತಪ್ಪಿತಸ್ಥ ಭಾವನೆಯನ್ನು ದಯವಿಟ್ಟು ಬಿಡಿ. ಮುಟ್ಟಿನ ದಿನಗಳಲ್ಲಿ ಎಂಟು ಗಂಟೆ ಆಫೀಸಿನಲ್ಲಿ ಕೂತಿರುವ ಹೆಂಗಸು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಸಿಲಿಕೋನ್ ಕಪ್ ಒಂದು ಕೊಂಡರೆ ಹಲವು ವರ್ಷ ಬರುತ್ತದೆ, ಎಷ್ಟೋ ಜನಕ್ಕೆ ಒಗ್ಗಿದೆ. ನಿಮಗೆ ಆಸಕ್ತಿಯಿದ್ದರೆ ವೈದ್ಯರನ್ನು ಕೇಳಿ ಪ್ರಯತ್ನಿಸಿ, ಒಗ್ಗದಿದ್ದರೆ ಬಿಡಿ. ಪ್ಯಾಡ್ ಬಳಸುವಷ್ಟು ದಿನ ಒಂದೇ ಒಂದು ಕರ್ತವ್ಯವಿದೆ: ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಬೇರೆಯಾಗಿಯೇ ಕೊಡಿ. ಸುತ್ತಿ ಬಿಸಾಡಲು ಕವರನ್ನು ಪ್ಯಾಡ್ ತಯಾರಿಸುವವರೇ ಕೊಡಬೇಕೆಂದು 2016ರ ಕೇಂದ್ರದ ನಿಯಮಗಳಲ್ಲೇ ಹೇಳಿತ್ತು. ಅಂದರೆ ಈ ಹೊಣೆ ನಿಮ್ಮೊಬ್ಬರ ಹೆಗಲ ಮೇಲಿರಬೇಕಾದದ್ದೂ ಅಲ್ಲ. ಚಿಪ್ಸ್ ಕಂಪನಿ, ಆ್ಯಪ್ ಕಂಪನಿ, ಪಾಲಿಕೆ ಮಾಡಬೇಕಾದ ಕೆಲಸವನ್ನೆಲ್ಲ ನೀವು ಮನೆಯೊಳಗೆ ತಂದುಕೊಂಡು, ಮನೆಯವರ ಮೇಲೆ ಇನ್‌ಸ್ಪೆಕ್ಟರಾಗಿ ನಿಂತಿದ್ದೀರಿ. ದಣಿವಾಗುತ್ತಿರುವುದು ಅದಕ್ಕೆ. ಅವರ ಪಾಲಿನ ಸಿಟ್ಟನ್ನು ಅವರಿಗೇ ಮುಟ್ಟಿಸಿ. ವಾರ್ಡ್ ಎಂಜಿನಿಯರ್‌ಗೆ ದೂರು ಕೊಡಿ, ಬಡಾವಣೆಯ ಸಂಘದ ಸಭೆಗೆ ಹೋಗಿ, ಗಾಡಿ ಮಿಶ್ರ ಕಸ ಒಯ್ದರೆ ಫೋಟೊ ಸಮೇತ ತಿಳಿಸಿ.

ಇಷ್ಟೆಲ್ಲ ಮಾಡಿಯೂ ಬುಟ್ಟಿ ಕಂಡಾಗ ಹೊಟ್ಟೆಯ ಸಂಕಟ ಹೋಗದಿದ್ದರೆ, ನಿದ್ದೆ, ಊಟ ಕೆಡುತ್ತಿದ್ದರೆ, ಅದು ಕಸದ ಸಮಸ್ಯೆಯಾಗಿ ಉಳಿದಿಲ್ಲವೆಂದು ತಿಳಿದು ಹತ್ತಿರದ ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಿ. ಹಾಗಾಗಲಿಕ್ಕಿಲ್ಲ ಎಂದೇ ನನ್ನ ಅನಿಸಿಕೆ. ನೋಡಬಾರದ್ದನ್ನು ನೋಡಿ ಬಂದು ಸುಮ್ಮನಿರಲಾರದೆ ಹೋದಿರಿ, ಅಷ್ಟೇ.

ಗೊಬ್ಬರಕ್ಕೆ ಒಣ ಎಲೆಯನ್ನು ಮಾತ್ರ ಮುಂಚೆಯೇ ಕೂಡಿಡಿ. ನಮ್ಮ ರಸ್ತೆಬದಿಯ ಮರಗಳು ಹೆಚ್ಚಾಗಿ ಎಲೆ ಉದುರಿಸುವುದು ಜನವರಿಯಿಂದ ಮಾರ್ಚ್‌ವರೆಗೆ. ಗುಡಿಸುವ ಪೌರಕಾರ್ಮಿಕರನ್ನು ಕೇಳಿದರೆ ಎರಡು ಗೋಣಿಚೀಲ ತುಂಬಿಕೊಡುತ್ತಾರೆ. ಮಳೆ ಹಿಡಿದ ಮೇಲೆ ಹುಡುಕಿದರೆ ಒಣ ಎಲೆ ಸಿಗುವುದಿಲ್ಲ.